ಭಾರ ಕೂತ ಮೇಲೆ

“ಆ ಡಬ್ಬಿ ಮುಚ್ಚೋ, ಕಣ್ಣು ಕುಕ್ಕುತ್ತೆ,” ಎಂದ ಮಾವ.

ಗ್ಯಾರೇಜಿನ ಮೇಜಿನ ಮೇಲೆ ಎರಡು ಡಬ್ಬಿಗಳಿದ್ದವು. ಒಂದು ಸಾದಾ ಕಂದು ರಟ್ಟಿನದು. ಅದರೊಳಗೆ ಕಪ್ಪು ಬಣ್ಣದ ನಾಲ್ಕು ಶಾಕ್ ಅಬ್ಸಾರ್ಬರ್‌ಗಳು ಸೀಳಿದ ಸೌದೆಯ ಹಾಗೆ ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಇನ್ನೊಂದು ಒಡವೆ ಪೆಟ್ಟಿಗೆಯ ಹಾಗೆ ಹೊಳೆಯುತ್ತಿತ್ತು. ಒಳಗೆ ಸ್ಪಂಜಿನ ಹಾಸಿಗೆ, ಅದರ ಮೇಲೆ ನೀಲಿ ಸ್ಪ್ರಿಂಗ್ ಸುತ್ತಿಕೊಂಡ ನಾಲ್ಕು ಬೆಳ್ಳಿ ಬಣ್ಣದ ಶಾಕ್‌ಗಳು. ಒಂದೊಂದರ ತಲೆಯ ಮೇಲೂ ಪುಟ್ಟ ತಿರುಪು. ಈ ಕಡೆ ತಿರುಗಿಸಿದರೆ ಗಾಡಿ ಮೆತ್ತಗೆ, ಆ ಕಡೆ ತಿರುಗಿಸಿದರೆ ಗಟ್ಟಿ. ಜೊತೆಗೆ ಚಕ್ರವನ್ನು ಗಾಡಿಗೆ ಹಿಡಿದಿಡುವ ತೋಳುಗಳ ಕೀಲುಗಳಿಗೆ ಹಾಕುವ ಹೊಸ ರಬ್ಬರ್ ಬುಷ್‌ಗಳು, ಇಟ್ಟಿಗೆಯಷ್ಟು ದಪ್ಪದ ಒಂದು ಇಂಗ್ಲಿಷ್ ಪುಸ್ತಕ.

“ಮುಚ್ಚಲ್ಲ. ನೋಡು ಮಾವ. ಸರಿಯಾಗಿ ಕಣ್ಣುಬಿಟ್ಟು ನೋಡು,” ಎಂದ ಸೋದರಳಿಯ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಮಾವನಿಗೆ ಕಣ್ಣು ಹೋಗುತ್ತಿತ್ತು. ಪೊರೆಯಾಗಿದ್ದರೆ ತೆಗೆಸಬಹುದಿತ್ತು. ಇದು ನರ ಒಣಗುವ ಕಾಯಿಲೆ. ಪಕ್ಕದ್ದೆಲ್ಲ ಮಸುಕು, ನಡುವೆ ಮಾತ್ರ ಪೈಪಿನೊಳಗಿಂದ ಇಣುಕಿದಷ್ಟು ಬೆಳಕು. ಇನ್ನು ಹತ್ತು ದಿನಕ್ಕೆ ಅವನ ಲೈಸೆನ್ಸಿನ ಅವಧಿ ಮುಗಿಯುತ್ತದೆ. ಮುಂದಿನದಕ್ಕೆ ಸಹಿ ಹಾಕುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಲ್ಲಿಯವರೆಗೆ ಓಡಿಸುವುದಿದ್ದರೆ ಹಗಲು ಹೊತ್ತು, ಖಾಲಿ ರಸ್ತೆ, ನಿಧಾನ.

ಹಾಗಾಗಿ ಉಳಿದಿದ್ದು ಒಂದೇ ಭಾನುವಾರ. ಆ ಭಾನುವಾರ ಮಾವ ತನ್ನ ಹಸಿರು ಸ್ಪೋರ್ಟ್ಸ್ ಕಾರಿನಲ್ಲಿ ಅತ್ತೆಯನ್ನು ಕೂರಿಸಿಕೊಂಡು ಗುಡ್ಡದ ಮೇಲಿನ ಗೋಪುರದವರೆಗೆ ಹೋಗಿಬರಬೇಕು. ಹನ್ನೊಂದು ತಿರುವು. ಏಳು ವರ್ಷದಿಂದ ಆಡುತ್ತ ಬಂದ ಮಾತು ಅದು. ಏಳು ವರ್ಷದ ಹಿಂದೆ ಎಂಜಿನ್ ಇಲ್ಲದ, ಬಾಗಿಲೊಳಗೆ ಇಲಿ ಸಂಸಾರ ಮಾಡಿಕೊಂಡಿದ್ದ ಆ ಎರಡು ಸೀಟಿನ ಗಾಡಿಯನ್ನು ಗುಜರಿಯಿಂದ ಎಳೆದು ತಂದಾಗ ಅತ್ತೆ ಅದಕ್ಕೆ ಸವತಿ ಎಂದು ಹೆಸರಿಟ್ಟಿದ್ದಳು. “ನಿನ್ನ ಸವತಿ ಜೊತೆ ನಿನ್ನನ್ನೂ ಒಂದಿನ ಗೋಪುರಕ್ಕೆ ಕರ್ಕೊಂಡು ಹೋಗ್ತೀನಿ ಕಣೇ,” ಎಂದಿದ್ದ ಮಾವ. ಎಂಜಿನ್ ಆಯಿತು, ತಗಡಿನ ಕೆಲಸ ಆಯಿತು, ಬಣ್ಣ ಆಯಿತು. ಸಸ್ಪೆನ್ಷನ್ ಒಂದು ಹಾಗೇ ಉಳಿದಿತ್ತು. ಹಳೇ ಶಾಕ್‌ಗಳಲ್ಲಿ ಜೀವವಿರಲಿಲ್ಲ. ತಿರುವಿನಲ್ಲಿ ಗಾಡಿ ದೋಣಿಯ ಹಾಗೆ ತೂಗುತ್ತಿತ್ತು.

ಮಾವ ಕಂದು ಡಬ್ಬಿಗೆ ಕೈ ಹಾಕಿ ಒಂದು ಶಾಕನ್ನು ಎತ್ತಿದ. ದಂಡವನ್ನು ಒಳಗೆ ಒತ್ತಿ ಬಿಟ್ಟ. ಅದು ತನ್ನ ಪಾಡಿಗೆ ಮೇಲೆ ಬರುವವರೆಗೂ ಕಿವಿಗೊಟ್ಟು ಕೇಳಿದ.

“ಇದು ಸಾಕು ಕಣೋ. ಮೂವತ್ತು ವರ್ಷದ ಮುದುಕಿ ಅದು, ಈಗ ಬಂಗಾರದ ಗೆಜ್ಜೆ ಕಟ್ಟಿದ್ರೆ ಕುಣಿಯುತ್ತಾ? ಇದಾದ್ರೆ ಅರ್ಧ ದಿನದ ಕೆಲಸ. ನಾಲ್ಕು ಬಿಚ್ಚು, ನಾಲ್ಕು ಹಾಕು. ಬೇರೆ ಏನೂ ಕೆದಕೋ ಹಾಗಿಲ್ಲ.”

ಸಾಕು. ಈ ಮಾತು ಕೇಳಿದರೆ ಅಳಿಯನಿಗೆ ಮೈಯೆಲ್ಲ ಉರಿಯುತ್ತಿತ್ತು. ರಸ್ತೆಯವರೆಲ್ಲ ಅವನನ್ನು ಪಟಾಕಿ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಹೆಡ್‌ಮಾಸ್ತರು ಅವನನ್ನು ಬಾಗಿಲ ಹೊರಗೆ ನಿಲ್ಲಿಸಿ, ಇದು ಓದೋ ಜಾತಿಯ ತಲೆಯಲ್ಲ, ರಿಪೇರಿಗೆ ಬರಲ್ಲ ಎಂದಾಗ, ಹೇಳಿ ಕಳಿಸಿದ್ದಕ್ಕೆ ಬಂದಿದ್ದ ಮಾವ ಜಗಳ ಆಡಲಿಲ್ಲ. “ಸಾಕು ಬಿಡಿ ಸಾರ್,” ಎಂದು ಅಷ್ಟೇ ಹೇಳಿ, ಅವನ ಕೈಹಿಡಿದು ನೇರ ಗ್ಯಾರೇಜಿಗೆ ಕರೆತಂದಿದ್ದ. ಅಪ್ಪ ಅಮ್ಮ ಇಲ್ಲದ ಹುಡುಗನಿಗೆ ಅನ್ನ ಹಾಕಿದ, ಕೆಲಸ ಕಲಿಸಿದ, ಎಲ್ಲ ನಿಜ. ಆದರೂ ಅವತ್ತು ಒಂದೇ ಒಂದು ಮಾತು ಎದುರು ಆಡಿದ್ದರೆ! ಆಮೇಲೆ ಬಂದಿದ್ದೆಲ್ಲ ಸಾಕು ಅನ್ನುವ ಲೆಕ್ಕದ್ದೇ. ಯಾರದೋ ಹಳೇ ಶರ್ಟು ಸಾಕು. ರೀಟ್ರೆಡ್ ಟೈರು ಸಾಕು. ಗಾಡಿ ಎತ್ತೋ ಲಿಫ್ಟ್ ಯಾಕೆ, ಇಳಿದು ಕೆಲಸ ಮಾಡೋಕೆ ಗುಂಡಿ ಇದೆಯಲ್ಲ, ಸಾಕು. ಲಿಫ್ಟ್ ಹಾಕಿಸಲು ಅಳಿಯ ಎರಡು ವರ್ಷ ಬಡಿದಾಡಿದ್ದ.

“ಸಾಕು ಸಾಕು ಅಂತ ಕೇಳಿ ಕೇಳಿ ಕಿವಿ ತೂತಾಗಿದೆ ಮಾವ. ನೀನು ಜೀವಮಾನದಲ್ಲಿ ಒಂದು ಒಳ್ಳೇ ಸಾಮಾನು ಹಾಕಿದೀಯಾ? ಊರವರ ಗಾಡಿಗೆಲ್ಲ ಬೆಸ್ಟು, ನಮಗೆ ಮಾತ್ರ ಕಸ. ಬೆಳ್ಳಿದೇ ಹಾಕೋದು. ದುಡ್ಡು ಕೊಟ್ಟಾಗಿದೆ.”

“ಎಲ್ಲಿಂದ ಕೊಟ್ಟೆ?”

ಮಾವ ತಲೆಯನ್ನು ನಿಧಾನಕ್ಕೆ ಬಾಗಿಲ ಕಡೆಗೆ ತಿರುಗಿಸಿದ. ಗೋಡೆಗೆ ಒರಗಿಸಿ ನಿಲ್ಲಿಸುತ್ತಿದ್ದ ಬೈಕಿನ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು.

“ಬೈಕ್ ಮಾರಿದ್ಯೇನೋ?”

“ಮಾರಿದೆ. ಅದು ನಂದು, ಮಾರಿದೆ. ನೀನು ಗೋಪುರಕ್ಕೆ ಹೋಗೋದು ಒಂದೇ ಸಲ. ಆ ಒಂದು ಸಲನಾದ್ರೂ ರಾಜನ ಹಾಗೆ ಹೋಗು. ಇನ್ನೊಂದು ಮಾತು. ಈ ಒಂದು ಕೆಲಸ ನಾನೇ ಮಾಡ್ತೀನಿ. ನೀನು ಹಿಂದೆ ನಿಂತ್ಕೊಂಡು ಹಾಗಲ್ಲ ಹೀಗೆ, ಅದಲ್ಲ ಇದು ಅನ್ನಬಾರದು. ಮುಗಿದ ಮೇಲೂ ಅನ್ನಬಾರದು. ಒಂದೇ ಒಂದು ತಪ್ಪು ಹುಡುಕಿದೆ ಅಂದ್ರೆ ನಾನು ಇಲ್ಲಿಂದ ಎದ್ದು ಹೋಗ್ತೀನಿ, ವಾಪಸ್ ಬರಲ್ಲ. ಮಾತು ಕೊಡು.”

ಮಾವ ಕೈಯಲ್ಲಿದ್ದ ಕಪ್ಪು ಶಾಕನ್ನು ಡಬ್ಬಿಯಲ್ಲಿ ಮೆಲ್ಲಗೆ ಮಲಗಿಸಿ ಮುಚ್ಚಳ ಹಾಕಿದ.

“ಆಯ್ತು ಬಿಡು,” ಎಂದ.

ಶನಿವಾರ ಮಧ್ಯಾಹ್ನ ಅತ್ತೆ ಮಾವನನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದಳು. ಅಳಿಯ ಕಾರನ್ನು ಲಿಫ್ಟಿಗೆ ಏರಿಸಿ ಸ್ವಿಚ್ ಒತ್ತಿದ. ಹಸಿರು ಗಾಡಿ ತಲೆಯ ಮೇಲೆ ಏರಿತು. ನಾಲ್ಕು ಚಕ್ರಗಳೂ ಎತ್ತಿ ಹಿಡಿದ ಬೆಕ್ಕಿನ ಕಾಲುಗಳ ಹಾಗೆ ಜೋತುಬಿದ್ದವು. ಹಳೇ ಶಾಕ್, ಹಳೇ ಸ್ಪ್ರಿಂಗ್, ತೋಳುಗಳು ಎಲ್ಲ ಬಿಚ್ಚಿಬಂದವು. ಸತ್ತು ಬಿರುಕುಬಿಟ್ಟ ಬುಷ್‌ಗಳನ್ನು ಒತ್ತಿ ತೆಗೆದು ಹೊಸವನ್ನು ಕೂರಿಸಿದ. ಕೈ ಚುರುಕಾಗಿತ್ತು. ಇಂಗ್ಲಿಷ್ ಪುಸ್ತಕ ತೆರೆದು ಚಿತ್ರಗಳನ್ನು ನೋಡಿಕೊಂಡ. ಚಿತ್ರದ ಕೆಳಗಿನ ಅಕ್ಷರಗಳು ಹೆಡ್‌ಮಾಸ್ತರ ಮುಖದ ಹಾಗೆ ಕಂಡವು. ಮುಚ್ಚಿ ಎಸೆದ.

ಬೋಲ್ಟ್‌ಗಳನ್ನು ಕೊನೆಯ ಬಿಗಿ ಬಿಗಿಯುವ ಹೊತ್ತಿಗೆ ಪಕ್ಕದ ಅಂಗಡಿಯ ಟೈಲರು ಕೊರಳಿಗೆ ಟೇಪು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ.

“ಏನಪ್ಪ ಪಟಾಕಿ, ಇನ್ನೂ ಕರೀಲಿಲ್ಲ? ನಾನು ಹೊಟ್ಟೆತುಂಬ ಊಟ ಮಾಡಿ ರೆಡಿಯಾಗಿ ಬಂದಿದೀನಿ.”

ಅದು ಮಾವನ ಒಂದು ಹುಚ್ಚು. ಚಕ್ರದ ತೋಳಿನ ಬೋಲ್ಟ್‌ಗಳನ್ನು ಅವನು ಖಾಲಿ ಗಾಡಿಯಲ್ಲಿ ಬಿಗಿದವನೇ ಅಲ್ಲ. ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿ, ಚಕ್ರ ಸಲೀಸಾಗಿ ಜಾರಲೆಂದು ಮುಂದಿನ ಚಕ್ರಗಳ ಕೆಳಗೆ ಗ್ರೀಸ್ ಬಳಿದ ಜೋಡಿ ತಗಡು ಇಟ್ಟು, ಒಳಗೆ ಜನ ಕೂರಿಸುತ್ತಿದ್ದ. ಗಾಡಿಯ ಯಜಮಾನ ದಪ್ಪಗಿದ್ದರೆ ಟೈಲರು. ಸಣ್ಣಗಿದ್ದರೆ ಪೇಪರ್ ಹಾಕುವವನು. ಜೊತೆಗೆ ಬೇಕಾದರೆ ಅತ್ತೆ. ಅವರು ಒಳಗೆ ಕೂತು ಊರ ಹರಟೆ ಹೊಡೆಯುತ್ತಿದ್ದರೆ ಮಾವ ಕೆಳಗೆ ನಿಂತು, “ಭಾರ ಕೂತಿತು,” ಎಂದು ಕೂಗಿ ಬಿಗಿಯುತ್ತಿದ್ದ. ದೊಡ್ಡ ದೊಡ್ಡ ಗಾಡಿಯ ಗಿರಾಕಿಗಳು ಇದನ್ನು ಫೋನಿನಲ್ಲಿ ತೆಗೆದುಕೊಂಡು ನಗುತ್ತಿದ್ದರು. ಆ ನಗು ಅಳಿಯನ ಎದೆಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

“ನಿನ್ನ ಭಾರ ಬೇಡ ಟೈಲರಣ್ಣ. ಇದು ಹೊಸ ಸಾಮಾನು. ಆ ಮೂಟೆ ಕೂರಿಸೋ ನಾಟಕ ಎಲ್ಲ ಗುಂಡಿ ಕಾಲಕ್ಕೇ ಮುಗೀತು.”

“ನಿಮ್ಮ ಮಾವ ಏನಂತಾನೆ?”

“ಏನೂ ಅನ್ನಲ್ಲ. ಮಾತು ಕೊಟ್ಟಿದಾನೆ.”

ಟೈಲರು ಜೋತಾಡುತ್ತಿದ್ದ ಚಕ್ರಗಳನ್ನು ಒಮ್ಮೆ ನೋಡಿದ. ಏನೋ ಹೇಳಲು ಬಾಯಿ ತೆರೆದು, ಸ್ಪ್ಯಾನರಿನ ಮೇಲೆ ಬಿಳಿಚಿಕೊಂಡಿದ್ದ ಹುಡುಗನ ಬೆರಳುಗಳನ್ನು ನೋಡಿ, ಸುಮ್ಮನೆ ಹೊರಟುಹೋದ. ಅಳಿಯ ಎಂಟೂ ಬೋಲ್ಟ್‌ಗಳನ್ನು ಅಲ್ಲೇ, ಗಾಳಿಯಲ್ಲೇ, ಹಲ್ಲು ಕಚ್ಚಿ ಬಿಗಿದ.

ಭಾನುವಾರ ಬೆಳಗ್ಗೆ ಅತ್ತೆ ತಿಳಿನೀಲಿ ಸೀರೆ ಉಟ್ಟು, ಫ್ಲಾಸ್ಕಿನಲ್ಲಿ ಟೀ ತುಂಬಿಸಿಕೊಂಡು ಬಂದಳು. “ಸವತಿಗೆ ಹೊಸ ಕಾಲು ಬಂದಿದೆಯಂತೆ, ನನ್ನ ಮಂಡಿಗೂ ಒಂದು ಜೊತೆ ತರಿಸಬಾರದಿತ್ತೇನೋ,” ಎಂದು ನಕ್ಕಳು. ಮಾವ ಗೋಡೆ ಹಿಡಿದು ಬಂದ, ಹಿಂದೆಯೇ ಟೈಲರು. ಕಾರಿನ ಸುತ್ತ ಕೈಯಾಡಿಸುತ್ತ ನಡೆದ. ಮುಂದಿನ ಚಕ್ರದ ಹತ್ತಿರ ಬಗ್ಗಿ, ಟೈರಿಗೂ ಮೇಲಿನ ತಗಡಿಗೂ ನಡುವೆ ಬೆರಳುಗಳನ್ನು ಇಟ್ಟು, ಸ್ವಲ್ಪ ಹೊತ್ತು ಹಾಗೇ ನಿಂತ. ಅಳಿಯನಿಗೆ ಅದು ಪ್ರೀತಿಯಿಂದ ಸವರಿದ ಹಾಗೆ ಕಂಡಿತು.

“ಹೇಗಿದೆ?”

“ಚೆನ್ನಾಗಿದೆ ಕಣೋ,” ಎಂದು ಮಾವ ಟೈಲರನ ಹೆಗಲು ಹಿಡಿದು ಒಳಗೆ ಕೂತ.

ಅಳಿಯ ಟೈಲರನ ಸ್ಕೂಟರಿನಲ್ಲಿ ಅವನ ಬೆನ್ನಿಗೆ ಕೂತು ಹೊರಟ. ರಸ್ತೆ ಖಾಲಿಯಿತ್ತು. ಮೊದಲನೇ ತಿರುವಿನಲ್ಲೇ ಅವನು ಟೈಲರನ ಹೆಗಲ ಮೇಲಿಂದ ಕತ್ತು ಚಾಚಿದ. ಗಾಡಿ ನೆಲಕ್ಕೆ ಅಂಟಿಕೊಳ್ಳಲಿಲ್ಲ. ಕಾಲ್ಬೆರಳ ತುದಿಯಲ್ಲಿ ನಿಂತು ನಡೆಯುವವರ ಹಾಗೆ ಎತ್ತರಕ್ಕೆ ನಿಂತುಕೊಂಡು, ಚಿಕ್ಕ ಹಳ್ಳಕ್ಕೂ ಪುಟಿಯುತ್ತಿತ್ತು. ಹಿಂದಿನ ಗಾಜಿನಲ್ಲಿ ಮಾವನ ತಲೆ, ಅತ್ತೆಯ ತಲೆ ಎರಡೂ ಗೊಂಬೆಗಳ ಹಾಗೆ ಕುಪ್ಪಳಿಸುತ್ತಿದ್ದವು. ಎರಡನೆಯದು. ಮೂರನೆಯದು. ನಾಲ್ಕನೇ ತಿರುವಿನಲ್ಲಿ ಕೆಳಗಿನಿಂದ ಕಿರ್ರ್ ಎಂಬ ಸದ್ದು ಸ್ಕೂಟರಿಗೂ ಕೇಳಿಸಿತು. ಕಾರು ಪಕ್ಕಕ್ಕೆ ಸರಿದು ನಿಂತಿತು.

ಅತ್ತೆಯ ಸೀರೆಯ ಮೇಲೆಲ್ಲ ಟೀ ಚೆಲ್ಲಿತ್ತು. ಮಾವ ಸೊಂಟ ಹಿಡಿದುಕೊಂಡು ಹೊರಗಿಳಿದ.

“ನನ್ನ ಬೆನ್ನು ತಡೀತಿಲ್ಲಪ್ಪ. ವಯಸ್ಸಾಯ್ತಲ್ಲ. ಗಾಡಿ ಚೆನ್ನಾಗಿದೆ, ನಂದೇ ಆಗ್ತಿಲ್ಲ. ವಾಪಸ್ ನೀನೇ ಓಡಿಸ್ಕೊಂಡು ಬಾ.”

“ತಿರುಪು ಮೆತ್ತಗೆ ಮಾಡ್ತೀನಿ ಮಾವ, ಎರಡು ನಿಮಿಷ, ಮೇಲಕ್ಕೆ ಹೋಗೋಣ.” ಅವನು ನಾಲ್ಕೂ ತಿರುಪುಗಳನ್ನು ಕೊನೆಯವರೆಗೂ ತಿರುಗಿಸಿದ. ಬಾನೆಟ್ಟು ಒತ್ತಿ ನೋಡಿದ. ಕಲ್ಲಿನ ಹಾಗಿತ್ತು. “ಅಂಗಡಿಯವನು ಕಳ್ಳ ನನ್ಮಗ, ಡೂಪ್ಲಿಕೇಟ್ ಕೊಟ್ಟಿದಾನೆ!” ಎಂದು ಟೈರಿಗೆ ಒದ್ದ.

ಮಾವ ಕಾರಿನ ಕೀಲಿಯನ್ನು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿದ. “ಕಾರಿಗೆ ಒದೀಬೇಡ್ವೋ. ಬಾ,” ಎಂದ. ಅವನ ಮುಖ ಮೇಲಿನ ರಸ್ತೆಯ ಕಡೆಗಿತ್ತು. ಐದನೇ ತಿರುವು ಅಲ್ಲಿಂದ ಕಾಣುತ್ತಿತ್ತು, ಕಣ್ಣಿದ್ದವರಿಗೆ.

ಬುಧವಾರ ಲೈಸೆನ್ಸಿನ ಅವಧಿ ಮುಗಿಯಿತು. ಮಾವ ಅದನ್ನು ಜೇಬಿನಿಂದ ತೆಗೆದು ಅತ್ತೆಯ ಹೊಲಿಗೆ ಡಬ್ಬಿಯಲ್ಲಿ ಹಾಕಿದ್ದನ್ನು ಅಳಿಯ ನೋಡಿದ.

ಗುರುವಾರ ಅವನು ಬಿಡಿಭಾಗದ ಅಂಗಡಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದ. ಅಂಗಡಿಯವನು ಪೂರ್ತಿ ಬೈಸಿಕೊಂಡ. ಆಮೇಲೆ ತಣ್ಣಗೆ ಕೇಳಿದ:

“ಬೈದಾಯ್ತಾ? ಈಗ ಹೇಳಿ. ಬುಷ್ ಬೋಲ್ಟ್ ಬಿಗಿದಿದ್ದು ಗಾಡಿ ನೆಲದ ಮೇಲಿದ್ದಾಗಲೋ, ಲಿಫ್ಟ್ ಮೇಲಿದ್ದಾಗಲೋ?”

ಅಳಿಯ ತಿರುಗಿ ಲಿಫ್ಟಿನ ಕಡೆ ನೋಡಿದ.

“ಚಕ್ರ ಜೋತಾಡ್ತಿರೋವಾಗ ಬಿಗಿದ್ರೆ ರಬ್ಬರು ಅಲ್ಲೇ ಹಿಡ್ಕೊಂಡುಬಿಡುತ್ತೆ. ಗಾಡಿ ಕೆಳಗಿಳಿಸಿದಾಗ ಮುರುಚ್ಕೊಂಡೇ ನಿಲ್ಲುತ್ತೆ. ಎಂಥ ಶಾಕ್ ಹಾಕಿದ್ರೂ ಅಷ್ಟೇ. ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಬರೆದಿದಾರಲ್ಲ? ನಿಮ್ಮ ಮಾವನಿಗೆ ಗೊತ್ತಿಲ್ಲದ ವಿಷಯವಾ ಇದು? ಊರಿಗೆಲ್ಲ ಅವರೇ ಹೇಳಿಕೊಟ್ಟಿದ್ದು.”

ಫೋನ್ ಕೆಳಗಿಟ್ಟು ಅವನು ಟೈಲರನ ಅಂಗಡಿಗೆ ಹೋದ. ಟೈಲರು ಹೊಲಿಗೆ ನಿಲ್ಲಿಸಲಿಲ್ಲ.

“ಶನಿವಾರ ನನಗೆ ಹೇಳಬೇಕು ಅನ್ನಿಸ್ತು ಕಣಪ್ಪ. ಕೈ ಮೇಲೆತ್ತಿ ನಿಂತವನ ಅಳತೆ ತಗೊಂಡು ಅಂಗಿ ಹೊಲಿದ್ರೆ, ಕೈ ಇಳಿಸಿದಾಗ ಏನಾಗುತ್ತೆ? ನಿಮ್ಮ ಮಾವನೇ ನನಗೆ ಹೀಗೆ ಅರ್ಥ ಮಾಡಿಸಿದ್ದು. ಆದ್ರೆ ನಿನ್ನ ಹತ್ರ ಮಾತಾಡೋಕೆ ಯಾರಿಗೆ ಧೈರ್ಯ?”

“ಮಾವನಿಗೆ ಗೊತ್ತಾಗಿತ್ತಾ?”

“ಭಾನುವಾರ ಹೊರಡೋ ಮುಂಚೆ ಬೆರಳು ಇಟ್ಟು ನೋಡಲಿಲ್ವಾ? ಎರಡು ಬೆರಳು ಜಾಸ್ತಿ ಎತ್ತರ ಇದೆ ಅಂತ ನನ್ನ ಕಿವೀಲಿ ಹೇಳಿದ. ಹೇಳೋ ಮಾರಾಯ ಹುಡುಗನಿಗೆ, ಒಂದು ಗಂಟೆ ಕೆಲಸ, ಅಂದೆ. ಮಾತು ಕೊಟ್ಟಿದೀನಿ ಅಂದ. ಅವನು ಎದ್ದು ಹೋದ್ರೆ ಏನು ಮಾಡ್ಲಿ ಅಂದ.”

ಹೊಲಿಗೆ ಮಿಷನ್ನು ಟಕಟಕ ಎನ್ನುತ್ತಲೇ ಇತ್ತು. ಅಳಿಯನಿಗೆ ಯಾರ ಮೇಲಾದರೂ ಕಿರುಚಬೇಕೆನ್ನಿಸಿತು. ಅಂಗಡಿಯವನ ಮೇಲೆ, ಹೆಡ್‌ಮಾಸ್ತರ ಮೇಲೆ, ದಪ್ಪಕ್ಷರದ ಮೇಲೆ. ಒಂದು ಗಂಟೆ ಕೆಲಸ. ಒಂಬತ್ತನೇ ಕ್ಲಾಸಿನಿಂದ ಕಾಪಾಡಿಕೊಂಡು ಬಂದ ಕೋಪ ಅವತ್ತು ಕರೆದರೂ ಬರಲಿಲ್ಲ.

ಶುಕ್ರವಾರ ಅವನು ಗುಂಡಿಯ ಮೇಲೆ ಮುಚ್ಚಿದ್ದ ಹಲಗೆಗಳನ್ನು ತೆಗೆದ. ಎರಡು ವರ್ಷದ ಕಸ ಗುಡಿಸಿದ. ತಗಡುಗಳಿಗೆ ಗ್ರೀಸ್ ಬಳಿದು, ಕಾರನ್ನು ನಿಧಾನಕ್ಕೆ ತಂದು ನಿಲ್ಲಿಸಿದ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟ. ಆಮೇಲೆ ಹಿತ್ತಲ ಮನೆಯ ಬಾಗಿಲಲ್ಲಿ ಹೋಗಿ ನಿಂತ. ಮಾವ ರೇಡಿಯೋ ಕೇಳುತ್ತ ಕೂತಿದ್ದ.

“ಮಾವ, ಭಾರಕ್ಕೆ ಕೂರಬೇಕು.”

ಮಾವ ರೇಡಿಯೋ ಆರಿಸಿದ. “ಟೈಲರನ್ನ ಕೂರಿಸು, ಅವನೇ ಜಾಸ್ತಿ ತೂಗ್ತಾನೆ,” ಎಂದ.

“ಟೈಲರಣ್ಣನ ಭಾರ ಬೇಡ. ಓಡಿಸೋರ ಭಾರ ಬೇಕು. ನೀನೂ ಅತ್ತೆನೂ ಕೂರಬೇಕು.” ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡ. “ಮೇಲೆ ಹೋಗಿಬರೋಣ ಮಾವ ಆಮೇಲೆ. ಗುಡ್ಡದ ಮೇಲೆ ಯಾವ ಪೊಲೀಸಿನವನು ಬರ್ತಾನೆ? ನೀನೇ ಓಡಿಸು.”

“ಹುಚ್ಚಪ್ಪ,” ಎಂದ ಮಾವ, ಬೈಗುಳವಲ್ಲದ ಧ್ವನಿಯಲ್ಲಿ. “ಪೊಲೀಸಿನವನ ಮಾತು ಬಿಡು. ನಿನ್ನೆ ಚಾವಡಿ ಮೆಟ್ಟಿಲು ನನಗೆ ಕಾಣಲಿಲ್ಲ. ನಡಿ, ಭಾರಕ್ಕೆ ಕೂರ್ತೀನಿ. ಅದಕ್ಕೇನು ಕಣ್ಣು ಬೇಕಾ?”

ಅತ್ತೆ ಕೈ ಒರೆಸಿಕೊಳ್ಳುತ್ತ ಬಂದಳು. ಟೈಲರು ಬಾಗಿಲಲ್ಲಿ ನಿಂತು, “ಹಂಗಾದ್ರೆ ನನ್ನ ನೌಕರಿ ಹೋಯ್ತು ಅನ್ನಿ,” ಎಂದ. ಯಾರಾದರೂ ನಗಲಿ ಎಂದು ಕಾದು, ತಾನೇ ನಕ್ಕು ಮುಗಿಸಿದ. ಅಳಿಯ ಮಾವನ ತಲೆಗೆ ತಾಗದಂತೆ ಅಂಗೈ ಅಡ್ಡ ಹಿಡಿದು ಸ್ಟಿಯರಿಂಗಿನ ಮುಂದೆ ಕೂರಿಸಿದ. ಅತ್ತೆ ಪಕ್ಕಕ್ಕೆ ಬಂದು ಬಾಗಿಲೆಳೆದುಕೊಂಡಳು.

“ಹ್ಯಾಂಡ್‌ಬ್ರೇಕ್ ಬಿಟ್ಟಿರು,” ಎಂದ ಮಾವ ಅಭ್ಯಾಸದ ಬಲದಿಂದ. ಆಮೇಲೆ ತುಟಿ ಮುಚ್ಚಿಕೊಂಡ.

“ಹೇಳು ಮಾವ. ಏನಿದ್ರೂ ಹೇಳು.”

“ಏನಿಲ್ಲ. ಬಿಟ್ಟಿದೀನಿ.”

ಅಳಿಯ ಗುಂಡಿಗೆ ಇಳಿದ. ಟಾರ್ಚಿನ ಬೆಳಕಿನಲ್ಲಿ ಹೊಸ ಬುಷ್‌ಗಳು ಒದ್ದೆ ಬಟ್ಟೆ ಹಿಂಡಿದ ಹಾಗೆ ಮುರುಚಿಕೊಂಡಿದ್ದವು. ಒಂದರಲ್ಲಿ ಆಗಲೇ ಉಗುರಿನಷ್ಟು ಸೀಳು. ಒಂದೊಂದೇ ಬೋಲ್ಟನ್ನು ಸಡಿಲಿಸುತ್ತ ಬಂದ. ಎಂಟನೆಯದು ಸಡಿಲವಾದಾಗ ಗಾಡಿ ನರಳಿ, ಅವನ ತಲೆಯ ಮೇಲೆ ಮೆಲ್ಲಗೆ ತಗ್ಗಿತು. ತಗಡಿನ ಮೇಲೆ ಟೈರು ಜಾರಿದ ಸದ್ದು. ಎರಡು ಬೆರಳಿನಷ್ಟು.

“ಸ್ವಲ್ಪ ಸ್ಟಿಯರಿಂಗ್ ಆಡಿಸು ಮಾವ, ಪೂರ್ತಿ ಕೂರಲಿ,” ಎಂದು ಕೂಗಿದ.

ಕಣ್ಣಿನ ಮಟ್ಟಕ್ಕಿದ್ದ ಮುಂದಿನ ಚಕ್ರ ಗ್ರೀಸಿನ ಮೇಲೆ ಹಗುರವಾಗಿ ಎಡಕ್ಕೆ ತಿರುಗಿತು. ಅಲ್ಲೇ ಒಂದಷ್ಟು ಹೊತ್ತು ನಿಂತಿತು. ಆಮೇಲೆ ನೇರವಾಯಿತು. ಮತ್ತೆ ಬಲಕ್ಕೆ, ಚೂರೇ ಚೂರು. ಅಳಿಯ ಮೊದಲ ಬೋಲ್ಟಿಗೆ ಸ್ಪ್ಯಾನರ್ ಕೊಟ್ಟು, “ಭಾರ ಕೂತಿತು, ಸಾಕು,” ಎನ್ನಲು ಬಾಯಿ ತೆರೆದ. ಚಕ್ರ ಬಲಕ್ಕೆ ಇನ್ನಷ್ಟು ಹೊರಳಿತು. ಪೂರಾ ಹೊರಳಿತು, ಯಾರೋ ದೊಡ್ಡ ಬಂಡೆಯನ್ನು ಸುತ್ತುವ ಹಾಗೆ.

ಅವನು ಮಾತು ನುಂಗಿಕೊಂಡ. ಗುಡ್ಡದ ಐದನೇ ತಿರುವು ಎಡಕ್ಕೆ, ಉದ್ದದ್ದು. ಆರನೆಯದು ಬಲಕ್ಕೆ, ಬಂಡೆಯ ಸುತ್ತ.

ಸ್ಪ್ಯಾನರನ್ನು ಸದ್ದಾಗದಂತೆ ಬೋಲ್ಟಿನಿಂದ ತೆಗೆದು ಎದೆಗೆ ಒತ್ತಿಕೊಂಡು ನಿಂತ. ಏಳು. ಚಕ್ರ ಎಡಕ್ಕೆ ಹೋಗಿ ಬಂತು. ಎಂಟನೆಯದರಲ್ಲಿ ಮೇಲಿನಿಂದ ಅತ್ತೆಯ ಧ್ವನಿ ಕೇಳಿಸಿತು, “ನಿಧಾನ ರೀ.” ಚಕ್ರ ನಿಧಾನವಾಯಿತು. ಒಂಬತ್ತು. ಹತ್ತು. ಗ್ಯಾರೇಜಿನ ಹೊರಗೆ ಯಾರೋ ಹಾರ್ನ್ ಹೊಡೆದರು, ಟೈಲರು ಅವರನ್ನು ಶ್ಶ್ ಎಂದು ಗದರಿದ.

ಹನ್ನೊಂದನೆಯದು ಬಹಳ ಹೊತ್ತು ತೆಗೆದುಕೊಂಡಿತು. ಆಮೇಲೆ ಎರಡೂ ಚಕ್ರಗಳು ನೇರವಾಗಿ ನಿಂತವು. ಮೇಲೆ, ಗೋಪುರದ ಬುಡದಲ್ಲಿ, ಹ್ಯಾಂಡ್‌ಬ್ರೇಕ್ ಹಲ್ಲು ಹಲ್ಲಾಗಿ ಏರಿದ ಸದ್ದು.

ಕಾರಿನ ಬಾಗಿಲು ತೆರೆಯುವುದನ್ನು ಕಾಯುತ್ತ ಅಳಿಯ ಕತ್ತೆತ್ತಿ ನಿಂತ. ಅದು ತೆರೆಯಲಿಲ್ಲ.